ಸೋಮವಾರ ಬರುತ್ತೇನೆ ಎಂದು ಚೀಟಿ ಬರೆದವರಿಗೆ

ಎರಡನೆಯ ಎಚ್ಚರ, ಹನ್ನೊಂದನೆಯ ದಿನ
ಬಾಗಿಲುಮನೆ, ಹೊಸಕಟ್ಟು

ಮಾನ್ಯರೇ,

ಮೇಲಿನ ತಾರೀಕು ಕಂಡು ತಲೆ ಕೆರೆದುಕೊಳ್ಳಬೇಡಿ, ಅದು ತಪ್ಪಿ ಬರೆದದ್ದಲ್ಲ. ನಿಮ್ಮ ಇಸವಿಯ ಲೆಕ್ಕ ನಮ್ಮಲ್ಲಿ ಈಗ ಯಾರ ಬಾಯಿಗೂ ಬರುವುದಿಲ್ಲ. ನಾವು ದಿನ ಎಣಿಸುವ ರೀತಿಯೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ನಿಮಗೂ ನನಗೂ ನಡುವೆ ನೂರ ಎಂಬತ್ತಾರು ಮಳೆಗಾಲ ಕಳೆದಿವೆ. ಅಷ್ಟರಲ್ಲಿ ನಮ್ಮ ಹೊಳೆಯ ಬಾಯಿಯೇ ಅರ್ಧ ಹರದಾರಿ ಒಳಗೆ ಬಂದಿದೆ, ಮಾತು ಮಾತ್ರ ಇದ್ದಲ್ಲೇ ಇರುತ್ತದೆಯೇ? ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಬೇಕಾದಲ್ಲಿ ಬಿಡಿಸಿ ಹೇಳುತ್ತೇನೆ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಬಿಟ್ಟುಹೋದ ಚೀಟಿಯ ಕೊನೆಯಲ್ಲಿ ಎಸ್.ವಿ. ಎಂಬ ಎರಡು ಅಕ್ಷರಗಳಿವೆ, ಅಷ್ಟೇ. ಗಂಡಸೋ ಹೆಂಗಸೋ, ಎಳೆಯರೋ ಮುದುಕರೋ ತಿಳಿಯದು. ನಾನು ಬೊಮ್ಮಿ ಹಮ್ಮು ಗೌಡ, ನೀವು ಶುರು ಮಾಡಿಕೊಟ್ಟ ಯಂತ್ರವನ್ನು ಈಗ ನೋಡಿಕೊಳ್ಳುವವಳು, ನಮ್ಮ ಮಾತಿನಲ್ಲಿ ನಿಗಾದವಳು. ನಿಮ್ಮ ಮೇಲೆ ಎಂಟು ತಿಂಗಳು ಸಿಟ್ಟು ಮಾಡಿಕೊಂಡಿದ್ದೆ. ಈಗ ಸಿಟ್ಟು ಇಳಿದಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಅಂದೇ ಬರೆದಿದ್ದರೆ ನೀವು ಓದುವಂತಿರುತ್ತಿರಲಿಲ್ಲ.

ಹೊಸಕಟ್ಟು ನಿಮಗೆ ಗೊತ್ತೇ ಇದೆ. ಹೊಳೆ ಕಡಲು ಸೇರುವಲ್ಲಿಯ ಗಜನಿ ಬಯಲು, ಉಬ್ಬರದ ಉಪ್ಪುನೀರು ಬಂದು ಹೋಗುವ ಗದ್ದೆಗಳು. ಈಗಲೂ ಅದೇ ಗದ್ದೆ, ಅದೇ ಕಗ್ಗ ಭತ್ತ. ಆದರೆ ಕಡಲು ಎರಡು ಮೊಳ ಏರಿದೆ. ಅದು ಏರಿದ ಹಾಗೆಲ್ಲ ಹಿರಿಯರು ಕಟ್ಟೆ ಏರಿಸುತ್ತ ಬಂದರು, ಈಗ ನಮ್ಮ ಗದ್ದೆಗಳು ಬಟ್ಟಲಿನ ತಳದಲ್ಲಿ ಇದ್ದಂತೆ ಇವೆ. ಆರು ನೂರು ಮನೆಗಳು, ಎಲ್ಲವೂ ಕಂಬದ ಮೇಲೆ. ದನದ ಕೊಟ್ಟಿಗೆಯೂ ಅಟ್ಟದ ಮೇಲೆ. ಹಸುವನ್ನು ಏಣಿ ಹತ್ತಿಸುವುದು ಹೇಗೆಂದು ಕೇಳಬೇಡಿ, ಕರುವಾಗಿದ್ದಾಗ ಹೊತ್ತು ಹಾಕುತ್ತೇವೆ, ಆಮೇಲೆ ಅದು ಇಳಿಯುವುದೇ ಇಲ್ಲ. ಮಕ್ಕಳು ನಡೆಯುವ ಮೊದಲು ಈಜು ಕಲಿಯುತ್ತಾರೆ. ಬೆಳಿಗ್ಗೆ ಕಗ್ಗದ ಗಂಜಿ, ಮಧ್ಯಾಹ್ನ ಕಗ್ಗದ ಅನ್ನಕ್ಕೆ ಬಳಚು ಚಿಪ್ಪಿನ ಸಾರು, ಸಂಜೆ ಉಳಿದದ್ದು. ಅಂಗಡಿ ದೋಣಿ ವಾರಕ್ಕೊಮ್ಮೆ ಬರುತ್ತದೆ, ಅದರಲ್ಲಿ ಬೆಲ್ಲವೂ ಸೂಜಿಯೂ ಸಿಗುತ್ತವೆ, ಅಕ್ಕಿ ಸಿಗುವುದಿಲ್ಲ. ಅಕ್ಕಿ ನಾವೇ ಬೆಳೆಯಬೇಕು, ಇಲ್ಲವಾದರೆ ಊರು ಬಿಡಬೇಕು.

ಕಗ್ಗ ಉಪ್ಪನ್ನು ತಾಳುವ ಭತ್ತ. ಆದರೆ ಮೊಳಕೆ ಚೆಲ್ಲಿದ ಮೊದಲ ತಿಂಗಳು ಅದಕ್ಕೂ ಮಳೆಯ ಸಿಹಿನೀರೇ ಬೇಕು. ಉಬ್ಬರ ಬಂದಾಗ ಕಟ್ಟೆಯ ಬಾಗಿಲುಗಳನ್ನು ಮುಚ್ಚಬೇಕು, ಇಳಿತದಲ್ಲಿ ತೆರೆದು ಹೆಚ್ಚಿನ ಮಳೆನೀರನ್ನು ಹೊರಗೆ ಬಿಡಬೇಕು. ನೀವು ಬಂದಾಗ ನಾಲ್ಕು ಬಾಗಿಲಿದ್ದವಂತೆ, ಈಗ ಇಪ್ಪತ್ತೊಂದು. ಅಷ್ಟನ್ನೂ ತೆರೆಯುವುದು ಮುಚ್ಚುವುದು ನಿಮ್ಮ ಯಂತ್ರ. ಅದರ ಒಳಗೆ ಕೂತು ಯಾವ ಕೆಲಸ ಯಾವಾಗ ಎಂದು ಹಂಚುವುದಕ್ಕೆ ನಿಮ್ಮ ಕಾಲದಲ್ಲಿ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಿದ್ದರಂತೆ, ನಾವು ಒಳಮೇಸ್ತ್ರಿ ಎನ್ನುತ್ತೇವೆ. ಆಳುಗಳನ್ನು ಹಚ್ಚಿ ತಾನು ಕಾಣಿಸಿಕೊಳ್ಳದ ಮೇಸ್ತ್ರಿ. ಯಂತ್ರಕ್ಕೆ ಎರಡು ಒಡಲು. ಒಂದು ಹಳತಾದರೆ ಒಳಮೇಸ್ತ್ರಿ ನಿದ್ದೆ ಮಾಡದೆ ಇನ್ನೊಂದಕ್ಕೆ ದಾಟುತ್ತಾನೆ, ಹಳೆಯದನ್ನು ಬಿಚ್ಚಿ ರಿಪೇರಿ ಮಾಡುತ್ತೇವೆ. ಹೀಗೆ ಒಡಲು ಹನ್ನೊಂದು ಸಲ ಬದಲಾಗಿದೆ. ಒಳಮೇಸ್ತ್ರಿ ಮಾತ್ರ ನೀವು ಎಬ್ಬಿಸಿದ ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಅದನ್ನೇ ನಾವು ಎಚ್ಚರ ಎನ್ನುವುದು.

ಈ ಎಚ್ಚರವೇ ನಮ್ಮ ಪಂಚಾಂಗ. ಒಳಮೇಸ್ತ್ರಿ ತಾನು ಎದ್ದು ಎಷ್ಟು ಹೊತ್ತಾಯಿತೆಂದು ಸೆಕೆಂಡಿಗೆ ನೂರು ಸಲ ಎಣಿಸುತ್ತಾನೆ. ಆದರೆ ಆ ಎಣಿಕೆ ಇಡಲು ಅವನಿಗಿರುವ ಡಬ್ಬಿ ಚಿಕ್ಕದು. ನಾನೂರ ತೊಂಬತ್ತೇಳು ದಿನ ಎರಡೂವರೆ ಗಂಟೆಗೆ ಡಬ್ಬಿ ತುಂಬಿ, ಅಂಕಿ ಮತ್ತೆ ಸೊನ್ನೆಗೆ ಬರುತ್ತದೆ. ಅವನಿಗೇನೂ ತೊಂದರೆ ಇಲ್ಲ, ಕೆಲಸ ನಡೆಯುತ್ತಿರುತ್ತದೆ, ಎಣಿಕೆ ಮಾತ್ರ ಮರೆತಿರುತ್ತಾನೆ. ಆ ದಿನ ನಮಗೆ ಸೊನ್ನೆಹಬ್ಬ. ಊರೆಲ್ಲ ಯಂತ್ರವಿರುವ ಬಾಗಿಲುಮನೆಯ ಮುಂದೆ ದೋಣಿ ಕಟ್ಟಿ, ಅದರ ಪರದೆಯ ಮೇಲೆ ಸೊನ್ನೆ ಮೂಡುವುದನ್ನು ನೋಡಿ, ಪಾಯಸ ಉಣ್ಣುತ್ತದೆ. ಹಬ್ಬ ಒಮ್ಮೆ ಮಳೆಯಲ್ಲಿ ಬಂದರೆ ಇನ್ನೊಮ್ಮೆ ಸೆಕೆಯಲ್ಲಿ. ವಯಸ್ಸನ್ನೂ ಸೊನ್ನೆಯಲ್ಲೇ ಹೇಳುತ್ತೇವೆ: ನಾನು ನಲವತ್ತು ಸೊನ್ನೆ ಕಂಡವಳು, ನಮ್ಮ ಅಪ್ಪ ಐವತ್ತೆಂಟು. ಯಂತ್ರ ಮರೆತದ್ದನ್ನು ಮನುಷ್ಯರು ನೆನಪಿಡಬೇಕಲ್ಲ, ಅದಕ್ಕೆ ಎಣಿಕೆಗೌಡ ಎಂಬ ಹುದ್ದೆ ಇದೆ. ಸೊನ್ನೆಗೊಂದು ಗಂಟು ಹಾಕಿದ ತೆಂಗಿನ ನಾರಿನ ಹಗ್ಗ ಅವರ ವಶ. ಈಗಿನ ಎಣಿಕೆಗೌಡರು ನಮ್ಮ ಅಪ್ಪ, ಹಮ್ಮು ಗೌಡರು. ಆ ಹಗ್ಗದಲ್ಲಿ ನೂರ ಮೂವತ್ತೇಳು ಗಂಟುಗಳಿದ್ದವು. ಅಪ್ಪ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದರು. ಅಮ್ಮ ಇದ್ದಾಗ, ತನಗಿಂತ ಅವರಿಗೆ ಹಗ್ಗವೇ ಹೆಚ್ಚು ಎಂದು ಆಡಿಕೊಳ್ಳುತ್ತಿದ್ದಳು, ಅದು ಸುಳ್ಳೂ ಅಲ್ಲ.

ಇನ್ನು ನಿಮ್ಮ ಚೀಟಿ. ಯಂತ್ರದ ಎದೆಯ ಮೇಲೆ ನೀವು ಅಂಟಿಸಿ, ನೀರು ತಾಗದ ಹಾಗೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಚ್ಚಿದ್ದಿರಿ. ಒಡಲು ಬದಲಾದಾಗಲೆಲ್ಲ ಚೀಟಿಯನ್ನೂ ಜೋಪಾನವಾಗಿ ಬಿಡಿಸಿ ಹೊಸ ಒಡಲಿಗೆ ದಾಟಿಸಿದ್ದಾರೆ. ಅದರಲ್ಲಿ ಎಲ್ಲರೂ ಓದಿದ್ದು ಒಂದೇ ಪದ, ಆರಿಸಬೇಡಿ. ನಮ್ಮ ಮಕ್ಕಳು ಅಕ್ಷರ ಕಲಿಯುವುದು ಆ ಪದದಿಂದಲೇ. ಅದರ ಕೆಳಗೆ ಪ್ರತಿ ಸೊನ್ನೆಹಬ್ಬಕ್ಕೂ ಗಂಧ ಕುಂಕುಮ ಹಚ್ಚಿ ಹಚ್ಚಿ ಬೆರಳು ದಪ್ಪದ ಹೆಪ್ಪು ಕಟ್ಟಿತ್ತು. ಕೆಳಗೆ ಇನ್ನೇನಾದರೂ ಬರೆದಿರಬಹುದೆಂದು ಆರು ತಲೆಮಾರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ, ನಾನೇನು ಬೇರೆ ಮಣ್ಣಿನವಳಲ್ಲ.

ಕಳೆದ ಮಳೆಗಾಲದ ಮೊದಲ ವಾರ ಪಕ್ಕದ ಕಿರುಕುರ್ವೆಯ ಮೇಲೆ ಸಿಡಿಲು ಬಡಿಯಿತು. ಕಿರುಕುರ್ವೆ ಎಂದರೆ ಹೊಳೆಯ ನಡುವಿನ ದ್ವೀಪ, ಇನ್ನೂರ ಹದಿನಾಲ್ಕು ಮನೆ. ಅಲ್ಲಿಯೂ ನಮ್ಮದರ ಜೊತೆಯಲ್ಲೇ ಶುರುವಾದ ಯಂತ್ರ, ಅಲ್ಲಿಯೂ ಹಗ್ಗ, ಅಲ್ಲಿಯೂ ಹಬ್ಬ. ಅಲ್ಲಿಯ ಒಳಮೇಸ್ತ್ರಿ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಆರಿಹೋಗಿ ತಾನೇ ಎದ್ದ. ಎದ್ದವನೇ, ತುಂಬಿದ ಉಬ್ಬರಕ್ಕೆ ಎಲ್ಲ ಬಾಗಿಲುಗಳನ್ನೂ ತೆರೆದ. ಜನ ಕೈಯಿಂದ ಎಳೆದು ಮುಚ್ಚುವಷ್ಟರಲ್ಲಿ ಗದ್ದೆಯೂ ಬಾವಿಯೂ ಕಡಲಾಗಿದ್ದವು. ಎರಡು ದಿನದ ಮೊಳಕೆ ಅಷ್ಟೂ ಸತ್ತಿತು. ಮರುದಿನದಿಂದ ಅವರು ಪಾತ್ರೆ ಪಗಡ ಹೊತ್ತು ನಮ್ಮಲ್ಲಿಗೆ ಬಂದರು, ಈಗಲೂ ಮನೆಗೆ ಮೂವರು ನಾಲ್ವರಂತೆ ನಮ್ಮ ಜೊತೆಗಿದ್ದಾರೆ. ನಮ್ಮ ಊರಿನವರು, ಪಾಪ, ಅವರು ಯಂತ್ರವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದರು. ನಾನು ಅಲ್ಲಿಯ ನಿಗಾದವಳನ್ನು ಬಲ್ಲೆ. ಅವಳು ನನಗಿಂತ ಚುರುಕು.

ಅದೇ ತಿಂಗಳು ನಮ್ಮ ಯಂತ್ರದ ಎರಡನೆಯ ಒಡಲು ಕೆಟ್ಟಿತು. ಹೊಸದನ್ನು ಮಾಡುವವರು ಯಾರೂ ಉಳಿದಿಲ್ಲ, ಹಳೆಯ ಬಿಡಿಭಾಗ ಸಿಗಲು ಮೂರು ನಾಲ್ಕು ವರ್ಷವಾದರೂ ಬೇಕು. ಅಂದರೆ ಒಳಮೇಸ್ತ್ರಿಗೆ ದಾಟಲು ಜಾಗವಿಲ್ಲ. ಇರುವ ಒಂದೇ ಒಡಲು ಯಾವ ದಿನ ನಿಂತರೂ ಅವನು ಮಲಗುತ್ತಾನೆ. ಮಲಗಿ ಎದ್ದರೆ ಏನು ಮಾಡುತ್ತಾನೆ? ಅದೊಂದು ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿತು. ಎದ್ದಾಗ ಅವನು ಓದಿಕೊಳ್ಳುವುದು ಡಿಸ್ಕನ್ನು. ಆ ಡಿಸ್ಕಿನಲ್ಲಿ ಏನಿದೆ ಎಂದು ನಾನು ಮೊದಲ ಬಾರಿಗೆ ತೆಗೆದು ನೋಡಿದೆ. ಅದರಲ್ಲಿ ನಾಲ್ಕೇ ಬಾಗಿಲಿದ್ದವು.

ಬಿಡಿಸಿ ಹೇಳುತ್ತೇನೆ. ನೀರಿನ ಎತ್ತರ ಅಳೆಯಲು ಕಟ್ಟೆಯ ಹೊರಗೆ ಅಳತೆಗೋಲುಗಳಿವೆ. ಕಡಲು ಏರಿ ಕೋಲು ಮುಳುಗಿದಾಗಲೆಲ್ಲ ಹಿರಿಯರು ಅದನ್ನು ಕಿತ್ತು ಮೇಲೆ ನೆಟ್ಟು, ಇಷ್ಟು ಏರಿಸಿದ್ದೇವೆ, ಕೂಡಿಸಿಕೋ ಎಂದು ಒಳಮೇಸ್ತ್ರಿಗೆ ಹೇಳುತ್ತ ಬಂದರು. ಅವನು ಕೂಡಿಸಿಕೊಂಡ. ಹೊಸ ಬಾಗಿಲು ಬಂದಾಗ ಅದನ್ನೂ ಹೇಳಿದರು, ಕೇಳಿಕೊಂಡ. ಎಲ್ಲವೂ ಅವನ ತಲೆಯಲ್ಲಿತ್ತು, ಡಿಸ್ಕಿಗೆ ಒಂದಕ್ಷರವೂ ಇಳಿದಿರಲಿಲ್ಲ. ಅಜ್ಜಿಯ ಬಾಯಲ್ಲೇ ಉಳಿದ ಮಸಾಲೆಯ ಲೆಕ್ಕದಂತೆ, ಅಜ್ಜಿ ಇರುವ ತನಕ ಸಾರು ಚೆನ್ನ. ಅವನು ಒಮ್ಮೆ ಮಲಗಿದರೆ ನೂರ ಎಂಬತ್ತಾರು ವರ್ಷದ ಹಿಂದಿನ ಕಡಲಿನಲ್ಲಿ ಏಳುತ್ತಾನೆ. ನೀರು ಇದ್ದದ್ದಕ್ಕಿಂತ ಎರಡು ಮೊಳ ಕೆಳಗಿದೆ ಎಂದು ನಂಬಿ, ತುಂಬಿದ ಉಬ್ಬರಕ್ಕೆ ಬಾಗಿಲು ತೆರೆಯುತ್ತಾನೆ. ಕಿರುಕುರ್ವೆಯಲ್ಲಿ ಆದದ್ದು ಅದೇ. ಮೊಳಕೆ ಚೆಲ್ಲುವ ಜೂನಿನಲ್ಲಿ ನಮ್ಮಲ್ಲೂ ಆದರೆ ಎಂಟು ನೂರು ಮನೆಯ ಅನ್ನ ಹೋಯಿತು.

ಅವತ್ತೇ ನಾನು ಒದ್ದೆ ಬಟ್ಟೆ ತೆಗೆದುಕೊಂಡು ನಿಮ್ಮ ಚೀಟಿಯ ಕುಂಕುಮ ಕೆರೆದೆ. ಹಾಗೇಕೆ ತೋಚಿತೋ ಗೊತ್ತಿಲ್ಲ, ಶುರು ಮಾಡಿದವರು ಒಂದು ಮಾತಾದರೂ ಹೇಳಿರಬೇಕು ಎಂಬ ಹಟ. ಅಪ್ಪ ಓಡಿ ಬಂದರು. "ಎಂತಾ ಮಾಡ್ತೆ, ಮಾರಾಯ್ತಿ! ಕೈ ತೆಗಿ!" ಎಂದು ನನ್ನ ರಟ್ಟೆ ಹಿಡಿದು ಎಳೆದರು. ಅಷ್ಟರಲ್ಲಿ ಎರಡನೆಯ ಸಾಲು ಕಾಣಿಸಿತ್ತು. ಅಪ್ಪನೇ ಓದಿದರು, ಗಟ್ಟಿಯಾಗಿ, ಮಕ್ಕಳ ಹಾಗೆ ಅಕ್ಷರ ಅಕ್ಷರ ಕೂಡಿಸಿ. "ಸೋಮವಾರ ಬಂದು ಡಿಸ್ಕಿಗೆ ಬರೆಯುತ್ತೇನೆ. ಅಲ್ಲಿಯ ತನಕ ಮಾತ್ರ. ಎಸ್.ವಿ."

ಸ್ವಾಮಿ, ಆ ಗಳಿಗೆಯಲ್ಲಿ ನೀವು ಎದುರಿಗಿದ್ದರೆ ನಾನು ಏನು ಮಾಡುತ್ತಿದ್ದೆನೋ! ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾಳೆ ಎಂದವರು ನೀವು, ಹಾಳಾದದ್ದು ಕಿರುಕುರ್ವೆಯ ಮನೆಗಳು. ಏಕೆ ಬರಲಿಲ್ಲ ನೀವು? ಮಳೆ ಹಿಡಿಯಿತೇ, ಮನೆಯಲ್ಲಿ ಯಾರಿಗಾದರೂ ಜ್ವರ ಬಂತೇ, ಮೇಲಿನವರು ಬೇರೆ ಊರಿಗೆ ಕಳಿಸಿದರೇ? ಎಷ್ಟೋ ದಿನ ಯೋಚಿಸಿದ ಮೇಲೆ ನನಗೆ ಒಂದು ತೋರಿತು. ನಿಮ್ಮ ಯಂತ್ರ ಅತಿ ಚೆನ್ನಾಗಿ ನಡೆಯಿತು. ಮೊದಲ ವಾರದಲ್ಲೇ ಒಮ್ಮೆ ಕೆಟ್ಟಿದ್ದರೆ ಊರಿನವರು ನಿಮ್ಮನ್ನು ಹುಡುಕಿ ಕರೆಸುತ್ತಿದ್ದರು, ನೀವು ಬೈಗುಳ ತಿಂದು ಬರೆದುಕೊಟ್ಟು ಹೋಗುತ್ತಿದ್ದಿರಿ. ಕೆಡಲಿಲ್ಲ, ಯಾರೂ ಕರೆಯಲಿಲ್ಲ. ಮೊದಲ ನಿಗಾದವಳು ಯಂಕಿ ಎಂಬಾಕೆ ನಿಮ್ಮ ಹಿಂದೆ ನಿಂತು, ನೀವು ಮಾಡಿದ್ದನ್ನು ನೋಡಿ ನೋಡಿ ಕೆಲಸ ಕಲಿತಳಂತೆ. ಅಂಕಿ ಬದಲಿಸು, ಬಾಗಿಲು ನೋಡು, ಎಣಿಕೆಗೌಡರಿಗೆ ತಿಳಿಸು. ಆ ದಿನ ನೀವು ಕೊನೆಗೆ ಬದಲಿಸಿದ್ದನ್ನು ಡಿಸ್ಕಿಗೆ ಬರೆಯಲಿಲ್ಲ, ಆಕೆ ಅದನ್ನು ನೋಡಲಿಲ್ಲ, ಮಗಳಿಗೆ ಕಲಿಸಲಿಲ್ಲ. ನನ್ನವರೆಗೂ ಮೂರೇ ಹೆಜ್ಜೆ ಬಂದವು. ನಾಲ್ಕನೆಯದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ.

ಬರೆಯುವುದು ಕಷ್ಟವಾಗಲಿಲ್ಲ. ಒಳಮೇಸ್ತ್ರಿಯ ತಲೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಕೇಳಿ ಮೂರು ತಿಂಗಳಲ್ಲಿ ಡಿಸ್ಕಿಗೆ ಇಳಿಸಿದೆ. ಕಷ್ಟವಾದದ್ದು ಆಮೇಲಿನ ಮಾತು. ಬರೆದದ್ದು ಸರಿಯಿದೆಯೋ ಇಲ್ಲವೋ ತಿಳಿಯಲು ಅವನನ್ನು ಒಮ್ಮೆ ಮಲಗಿಸಿ ಎಬ್ಬಿಸಲೇಬೇಕು, ಅದೂ ಗದ್ದೆ ಖಾಲಿ ಇರುವ ಸೆಕೆಗಾಲದಲ್ಲಿ, ಹಗಲಿನಲ್ಲಿ, ನಾವೇ ಕೈಯಾರೆ ಎಂದು ನಾನು ಊರಿನ ಸಭೆಯಲ್ಲಿ ಹೇಳಿದೆ. ಸಭೆ ಎದ್ದು ನಿಂತಿತು. ಒಬ್ಬರು ನನಗೆ ಬುದ್ಧಿ ಕೆಟ್ಟಿದೆ ಎಂದರು, ಇನ್ನೊಬ್ಬರು ಅಷ್ಟು ದಿನದ ಎಚ್ಚರವನ್ನು ಮುರಿಯಲು ನಾನು ಯಾರು ಎಂದರು. ಎಣಿಕೆಗೌಡರ ಒಪ್ಪಿಗೆ ಇಲ್ಲದೆ ಯಂತ್ರ ಮುಟ್ಟುವ ಹಾಗಿಲ್ಲ. ಅಪ್ಪ ನನ್ನ ಮುಖ ನೋಡಲಿಲ್ಲ.

"ಬರ್ದಾಯ್ತಲ್ಲೆ, ಇನ್ನೆಂತಕ್ಕೆ ಆರ್ಸೂದು?" ಎಂದರು.

"ಬರ್ದದ್ದನ್ನ ಅವ್ನು ಓದ್ತಾನಾ ಇಲ್ವಾ ನೋಡ್ಬೇಕಲ್ಲ ಅಪ್ಪಾ. ನೋಡೂಕೆ ಜೂನ್ ತಂಕ ಕಾಯೂದಾ?" ಎಂದೆ.

ಅಪ್ಪ ಹಗ್ಗ ಎತ್ತಿಕೊಂಡು ಮನೆಗೆ ಹೋದರು. ಎರಡು ತಿಂಗಳು ನನ್ನೊಡನೆ ಮಾತಿಲ್ಲ. ನಾನು ಗಂಜಿ ಬಡಿಸುವುದು, ಅವರು ಉಣ್ಣುವುದು, ತಟ್ಟೆ ತೊಳೆದಿಡುವುದು. ನನಗೆ ದುಃಖವಾಗುತ್ತಿತ್ತು, ನಿಜ ಹೇಳುತ್ತೇನೆ. ಆ ಹಗ್ಗದ ಗಂಟುಗಳಲ್ಲಿ ಅವರ ಅಪ್ಪನ ಕೈಯಿದೆ, ಅಜ್ಜನ ಕೈಯಿದೆ. ಅವರ ಬದುಕಿನ ಕೊನೆಯಲ್ಲಿ, ಅವರ ಮಗಳೇ ಅದನ್ನು ತುಂಡು ಮಾಡಲು ನಿಂತಿದ್ದಳು. ಅಪ್ಪ ನೆಟ್ಟ ಆಲದ ಮರ ಎಂದು ನೇಣು ಹಾಕಿಕೊಳ್ಳಬಾರದು ಎಂಬ ಗಾದೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಆಡಲಿಲ್ಲ.

ಅಪ್ಪನ ಮನಸ್ಸು ತಿರುಗಿಸಿದ್ದು ನಾನಲ್ಲ, ಹೊನ್ನಜ್ಜಿ. ಕಿರುಕುರ್ವೆಯ ಎಣಿಕೆ ಆಕೆಯ ವಶವಿತ್ತು, ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಊರು ಬಿಡುವಾಗ ಆಕೆ ತಂದದ್ದು ಒಂದು ಪಾತ್ರೆ, ಒಂದು ಹಗ್ಗ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪನ ಎದುರು ಕೂತು, ತನ್ನ ಹಗ್ಗವನ್ನು ಅವರ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ನಂದೂ ನೂರಾ ಮೂವತ್ತಾರ್ ಅದೆ. ಈ ಗಂಟ್ ಬೇಯ್ಸಿ ಉಣ್ಣೂಕೆ ಆಗ್ತದಾ, ಹಮ್ಮಣ್ಣ?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ, ಉಪ್ಪು ಸಾಕೇ ಎಂದು ಕೇಳಿದ ಹಾಗೆ ಕೇಳಿದಳು. ಅಪ್ಪ ತುತ್ತು ಕೆಳಗಿಟ್ಟರು. ಸಂಜೆ ಬಾಗಿಲುಮನೆಗೆ ಬಂದು, ಚೀಟಿಯ ಮುಂದೆ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದರು: "ಸೋಮವಾರವೇ ಇರ್ಲಿ. ಅವ್ರು ಹೇಳಿದ ವಾರ."

ಹನ್ನೊಂದು ದಿನದ ಹಿಂದೆ, ಸಣ್ಣ ಉಬ್ಬರದ ವಾರದ ಸೋಮವಾರ ಬೆಳಿಗ್ಗೆ, ಇಪ್ಪತ್ತೊಂದು ಬಾಗಿಲುಗಳ ಹೊರಗೂ ಹಲಗೆ ಇಳಿಸಿ ಮರಳಿನ ಮೂಟೆ ಒಟ್ಟಿದೆವು. ಬಾಗಿಲಿಗೆ ಇಬ್ಬರಂತೆ ಜನ ನಿಂತರು. ನೀರು ತುಂಬಿದ ಹೊತ್ತಿಗೆ ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಅರವತ್ತೆಂಟು ಸಾವಿರದ ಇನ್ನೂರ ಹದಿನಾಲ್ಕನೆಯ ದಿನ ಒಳಮೇಸ್ತ್ರಿ ಕಣ್ಣು ಮುಚ್ಚಿದ. ಫ್ಯಾನಿನ ಸದ್ದು ನಿಂತಿತು. ಆ ಮನೆ ಸುಮ್ಮನಿದ್ದುದನ್ನು ಕೇಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಹೊರಗೆ ಯಾರೋ ಅತ್ತರು. ನಾನು ಗುಂಡಿಯನ್ನು ಮತ್ತೆ ಒತ್ತಿದೆ.

ಎದ್ದ. ಎದ್ದವನು ಏಳನೆಯ ಬಾಗಿಲನ್ನೂ ಹನ್ನೆರಡನೆಯ ಬಾಗಿಲನ್ನೂ ತೆರೆದ. ಅಯ್ಯೋ ಎಂಬ ಕೂಗು ಕಟ್ಟೆಯ ಉದ್ದಕ್ಕೂ ಎದ್ದಿತು. ಹಲಗೆ ತಡೆದವು, ನೀರು ಗದ್ದೆಗೆ ಬರಲಿಲ್ಲ. ಆ ಎರಡು ಬಾಗಿಲುಗಳಿಗೆ ಬೇರೆ ಅಳತೆಗೋಲುಗಳಿದ್ದವು, ಅವುಗಳ ಕೂಡಿಕೆಯನ್ನು ಬರೆಯಲು ನಾನೇ ಮರೆತಿದ್ದೆ. ಮೂರು ತಿಂಗಳು ಕೂತು, ಎರಡು ಸಲ ತಾಳೆ ನೋಡಿ, ಆದರೂ ಮರೆತಿದ್ದೆ. ಬರೆದೆ. ಮತ್ತೆ ಮಲಗಿಸಿದೆ. ಎರಡನೆಯ ಸಲ ಹನ್ನೆರಡನೆಯದು ಅರ್ಧಕ್ಕೆ ನಿಂತಿತು, ಅಂಕಿ ಒಂದು ತಪ್ಪಿತ್ತು. ತಿದ್ದಿದೆ. ಮೂರನೆಯ ಸಲ ಮಲಗಿಸುವಾಗ ಯಾರೂ ಅಳಲಿಲ್ಲ. ಒಬ್ಬಾಕೆ ಬೇಗ ಮುಗಿಸು, ಒಲೆಯ ಮೇಲೆ ಗಂಜಿ ಇದೆ ಎಂದಳು. ಮೂರನೆಯ ಸಲ ಎದ್ದವನು ಇಪ್ಪತ್ತೊಂದನ್ನೂ ಬಿಗಿಯಾಗಿ ಮುಚ್ಚಿಕೊಂಡು, ನೀರು ಇಳಿಯುವ ತನಕ ಕಾಯುತ್ತ ಕೂತ. ಇಳಿದ ಮೇಲೆ ತಾನೇ ತೆರೆದ. ನಡುವೆ ತಪ್ಪಿ ಎದ್ದದ್ದನ್ನು ಲೆಕ್ಕಕ್ಕೆ ಹಿಡಿಯದೆ ಇದನ್ನೇ ಎರಡನೆಯ ಎಚ್ಚರ ಎಂದೆವು.

ಅಪ್ಪ ಇಡೀ ಹೊತ್ತು ಪರದೆಯ ಮುಂದೆ ಇದ್ದರು. ಅದರ ಮೇಲೆ ದಿನ ಸೊನ್ನೆ ಎಂದಿತ್ತು. ನಾನು ಹತ್ತಿರ ಹೋಗಲು ಹೆದರಿದೆ. ಅವರೇ ಕರೆದರು. "ಐವತ್ತೆಂಟ್ ಸಲ ಇದೇ ಸೊನ್ನೆ ನೋಡಿ ಪಾಯಸ ಉಂಡಿದ್ದೆ. ಇವತ್ತ್ ಎಂತಕ್ಕೆ ಮಾಡ್ಲಿಲ್ಲ?" ಎಂದರು. ನಾನು ಅತ್ತುಬಿಟ್ಟೆ, ನಲವತ್ತು ಸೊನ್ನೆಯ ಹೆಂಗಸು, ಊರ ಮುಂದೆ. ಮನೆಗೆ ಹೋಗಿ ಬೆಲ್ಲ ಇದ್ದಷ್ಟು ಪಾಯಸ ಮಾಡಿದೆವು. ಹಳೆಯ ಹಗ್ಗವನ್ನೂ ಹೊನ್ನಜ್ಜಿಯ ಹಗ್ಗವನ್ನೂ ಅಪ್ಪ ಬಾಗಿಲುಮನೆಯ ತೊಲೆಗೆ ಕಟ್ಟಿದ್ದಾರೆ. ಹೊಸ ಹಗ್ಗಕ್ಕೆ ಬೇರೆ ಲೆಕ್ಕ: ಇನ್ನು ಪ್ರತಿ ವರ್ಷ ಗದ್ದೆ ಖಾಲಿಯಾದಾಗ ಒಂದು ಸೋಮವಾರ ಅವನನ್ನು ಮಲಗಿಸಿ ಎಬ್ಬಿಸಬೇಕು, ಸರಿಯಾಗಿ ಎದ್ದರೆ ಒಂದು ಗಂಟು.

ನಿಮ್ಮಲ್ಲಿ ಒಂದು ಕೋರಿಕೆ, ಈ ಕಾಗದ ಯಾವ ದಾರಿಯಿಂದಲಾದರೂ ನಿಮಗೆ ತಲುಪಿದರೆ. ನೀವು ಇನ್ನೂ ಎಷ್ಟೋ ಊರುಗಳಲ್ಲಿ ಎಷ್ಟೋ ಯಂತ್ರಗಳನ್ನು ಎಬ್ಬಿಸಿರುತ್ತೀರಿ. ಅವು ಕೆಡದೆ ನಡೆಯುತ್ತಿವೆ ಎಂದು ಹಿಗ್ಗಬೇಡಿ. ಚೆನ್ನಾಗಿ ನಡೆಯುತ್ತಿರುವಾಗಲೇ ಒಮ್ಮೆ ಹೋಗಿ, ಆರಿಸಿ, ಎಬ್ಬಿಸಿ, ನೋಡಿ ಬನ್ನಿ. ಜನ ಬೈಯುತ್ತಾರೆ, ಬೈಸಿಕೊಳ್ಳಿ. ಕಿರುಕುರ್ವೆಯ ಯಂತ್ರದ ಮೇಲೂ ನಿಮ್ಮದೇ ಕೈಬರಹದ ಚೀಟಿಯಿತ್ತೆಂದು ಹೊನ್ನಜ್ಜಿ ಹೇಳುತ್ತಾಳೆ. ಆಕೆ ನಿಮ್ಮ ಮೇಲೆ ಸಿಟ್ಟಾಗಿಲ್ಲ. ಆ ಸೋಮವಾರ ನಿಮ್ಮ ಮನೆಯವರೆಲ್ಲ ಆರಾಮಾಗಿದ್ದರೇ ಎಂದು ಕೇಳಲು ಹೇಳಿದ್ದಾಳೆ.

ನಿಮ್ಮ ಹಳೆಯ ಚೀಟಿಯನ್ನು ತೆಗೆದು ಈ ಕಾಗದದ ಜೊತೆ ಮಡಚಿಟ್ಟಿದ್ದೇನೆ. ಅದಿದ್ದ ಜಾಗದಲ್ಲಿ ನನ್ನದೊಂದು ಅಂಟಿಸಿದ್ದೇನೆ: ಬೇಕಾದರೆ ಆರಿಸಿ, ಎಲ್ಲ ಬರೆದಿದೆ, ಓದಿಸಿ ನೋಡಿದೆ, ಬೊಮ್ಮಿ. ಅದಕ್ಕೆ ಯಾರೂ ಕುಂಕುಮ ಹಚ್ಚದಂತೆ ಅಪ್ಪ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಾರೆ.

ನಿಮ್ಮ ಸೋಮವಾರದ ಕೆಲಸ ಮುಗಿದಿದೆ. ನೀವಿನ್ನು ಬರಬೇಕಾಗಿಲ್ಲ.

ಬೊಮ್ಮಿ ಹಮ್ಮು ಗೌಡ